ಮೊಳಕೆಕಾಳಿನ ಪ್ಯಾಕೆಟ್ ವಾಪಸ್ ಕರೆಸಿದ್ದಾರಾ? ತೊಳೆದು ತಿನ್ನಬೇಡಿ

(ದೃಶ್ಯ: ಅಡುಗೆಕಟ್ಟೆ ಮೇಲೆ ಮೊಳಕೆಕಾಳಿನ ಪ್ಯಾಕೆಟ್. ಬ್ಯಾಚ್ ನಂಬರು ಹತ್ತಿರದಿಂದ.)

ನಮಸ್ಕಾರ. ರೋಗಾಣು ಇರಬಹುದು ಅಂತ ಕಂಪನಿಯವರು ಇಂಥ ತರಕಾರಿ ವಾಪಸ್ ಕರೆಸ್ತಿದ್ದಾರೆ ಅಂತ ಸುದ್ದಿ ಬಂದರೆ ಮನೆಯಲ್ಲಿ ಮೊದಲು ಕೇಳೋದು, "ಉಪ್ಪುನೀರಲ್ಲಿ ತೊಳೆದ್ರೆ ಸಾಕಲ್ವಾ?" ಸಾಕಾಗಲ್ಲ. ಸುದ್ದಿಯಲ್ಲಿರೋ ಬ್ಯಾಚ್ ನಂಬರೇ ನಿಮ್ಮ ಪ್ಯಾಕೆಟ್ ಮೇಲಿದ್ದರೆ ಲೇಬಲ್ ಫೋಟೋ ತಗೊಳ್ಳಿ, ಕವರಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಹಸುವಿಗೂ ಹಾಕಬೇಡಿ.

(ದೃಶ್ಯ: ಒದ್ದೆ ಬಟ್ಟೆಯ ಗಂಟು ಬಿಚ್ಚುವ ಕೈ. ಹೆಸರುಕಾಳಿನ ಬಿಳಿ ಮೊಳಕೆ.)

2011ರಲ್ಲಿ ಜರ್ಮನಿಯಲ್ಲಿ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾದ ಸೋಂಕು ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ಮೊದಲು ಸ್ಪೇನಿನ ಸೌತೆಕಾಯಿ ಮೇಲೆ ಗುಮಾನಿ ಬಂತು, ಅದು ತಪ್ಪಾಗಿತ್ತು. ಕೊನೆಗೆ ತನಿಖೆ ಬಂದು ನಿಂತದ್ದು ಮೆಂತ್ಯದ ಮೊಳಕೆ ಹತ್ತಿರ.

ಈ ಗಂಟನ್ನೇ ನೋಡಿ. ಶಾಖ, ತೇವ ಎರಡೂ ಇದೆ. ಕಾಳಿಗೆ ಮೊಳಕೆ ಬರೋಕೆ ಏನು ಬೇಕೋ ಬ್ಯಾಕ್ಟೀರಿಯಾಕ್ಕೂ ಅದೇ ಬೇಕು. ಸಿಪ್ಪೆಯ ಬಿರುಕಲ್ಲಿ ಕೂತಿದ್ದು ಒಂದೆರಡು ದಿನದಲ್ಲಿ ಲಕ್ಷಗಟ್ಟಲೆ ಆಗುತ್ತೆ, ಮೊಳಕೆಯ ಒಳಗೂ ಸೇರುತ್ತೆ. ವಾಸನೆ, ಲೋಳೆ ಏನೂ ಇಲ್ಲದೆ ಇರಬಹುದು. ನೀರು ಅಲ್ಲಿಗೆ ತಲುಪಲ್ಲ.

ಮಂಡ್ಯ ಕಡೆಯ ಮೊಳಕೆ ಹುರುಳಿಕಾಳು ಸಾರಿಗೆ ಈ ಭಯ ಇಲ್ಲ, ಚೆನ್ನಾಗಿ ಕುದ್ದಿರುತ್ತೆ. ತೊಂದರೆ ಇರೋದು ಹಸಿ ಮೊಳಕೆಯ ಕೋಸಂಬರಿಯಲ್ಲಿ. ಕಾಳನ್ನು ಕುದಿಯೋ ನೀರಿಗೆ ಹಾಕಿ, ಮತ್ತೆ ಕುದಿ ಬಂದ ಮೇಲೆ 2 ನಿಮಿಷ ಬಿಡಿ, ಬಸಿದು ಒಗ್ಗರಣೆ ಕೊಡಿ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಹಸಿ ಮೊಳಕೆ ಕೊಡಲೇಬೇಡಿ.

(ದೃಶ್ಯ: ಫ್ರಿಜ್‌ನ ತರಕಾರಿ ಟ್ರೇ.)

ಪ್ಯಾಕೆಟ್ ಇದ್ದ ಟ್ರೇ, ಹೆಚ್ಚಿದ ಮಣೆ, ಚಾಕು ಸೋಪುನೀರಲ್ಲಿ ಉಜ್ಜಿ ತೊಳೆಯಿರಿ. ಆಮೇಲೆ 4 ಲೀಟರ್ ನೀರಿಗೆ 15 ಮಿಲಿ ಬ್ಲೀಚ್ ದ್ರಾವಣ ಬೆರೆಸಿ ಒರೆಸಿ, ಒಣಗಿಸಿ. ಫ್ರಿಜ್ ತಣ್ಣಗಿದೆ ಅಂತ ನೆಚ್ಚಿಕೊಳ್ಳಬೇಡಿ, ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ 4 ಡಿಗ್ರಿಯಲ್ಲೂ ಬೆಳೆಯುತ್ತೆ.

(ದೃಶ್ಯ: ಕೊತ್ತಂಬರಿ ಕಟ್ಟು, ಅಗಲದ ಪಾತ್ರೆ.)

ಇನ್ನು ದಿನಬಳಕೆಗೆ ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ತಂದ ಸೊಪ್ಪಿನ ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ನೀರಲ್ಲಿ ಅಲುಗಾಡಿಸಿ. ಪಾತ್ರೆ ಬಗ್ಗಿಸಬೇಡಿ, ತಳಕ್ಕಿಳಿದ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತೆ. ಸೊಪ್ಪನ್ನು ಮೇಲೆತ್ತಿ, ನೀರು ಚೆಲ್ಲಿ, ಹೀಗೆ 3 ಸಲ. ತರಕಾರಿಗೆ ಸೋಪು ಬೇಡ. ತೊಳೆದಾದ ಮೇಲೇ ಹೆಚ್ಚಿ.

ಆಗಲೇ ತಿಂದಿದ್ದೀರಾ? ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಭೇದಿ ನಿಲ್ಲಿಸೋ ಮಾತ್ರೆ ನೀವೇ ತಗೋಬೇಡಿ. ಏನು ತಿಂದಿರಿ, ಯಾವಾಗ ತಿಂದಿರಿ ಅಂತ ಡಾಕ್ಟರಿಗೆ ಹೇಳಿ, ಆ ಲೇಬಲ್ ಫೋಟೋನೂ ತೋರಿಸಿ.