ಮೊದಲ ದಿನ ಟ್ರಕ್ ಓಡಲಿಲ್ಲ, ನಿಂತಲ್ಲೇ ಹೊಗೆ ಉಗುಳಿತು

ರಿಮೋಟ್ ಹಿಡಿದು ಓಡಿಸುವ ಪುಟ್ಟ ಟ್ರಕ್ಕಿನ ಎಂಜಿನ್ ಸ್ಟಾರ್ಟ್ ಮಾಡಲು ಈ ಹಗ್ಗ ಎಳೆಯುತ್ತಿರುವ ಕೈ ನನ್ನದೇ. ಎಷ್ಟನೇ ಸಲ ಅಂತ ಕೇಳಬೇಡಿ, ನಲವತ್ತು ಆದಮೇಲೆ ಲೆಕ್ಕ ಬಿಟ್ಟುಬಿಟ್ಟೆ. ಇಲ್ಲಿ ವಿಡಿಯೋ ಸ್ಪೀಡ್ ಜಾಸ್ತಿ ಮಾಡಿದ್ದೇನೆ, ಇಲ್ಲದಿದ್ದರೆ ನೀವು ಅರ್ಧ ಗಂಟೆ ಇದನ್ನೇ ನೋಡಬೇಕಿತ್ತು.

ನೈಟ್ರೋ ಟ್ರಕ್ ತಂದ ದಿನವೇ ಓಡಿಸಬಹುದು ಅಂದುಕೊಂಡಿದ್ದೆ. ಬ್ಯಾಟರಿ ಟ್ರಕ್ ಅಭ್ಯಾಸ ಇತ್ತಲ್ಲ, ಚಾರ್ಜ್ ಮಾಡು, ಸ್ವಿಚ್ ಒತ್ತು, ಓಡಿಸು. ಇದರಲ್ಲಿರುವುದು ನಿಜವಾದ ಟೂ ಸ್ಟ್ರೋಕ್ ಎಂಜಿನ್. ಬರೀ 3 ಸಿಸಿ, ಮುಷ್ಟಿಯೊಳಗೆ ಹಿಡಿಯಬಹುದು, ಆದರೆ ಬಿಟ್ಟರೆ ನಿಮಿಷಕ್ಕೆ 30,000 ಸುತ್ತು ತಿರುಗುತ್ತದೆ. ಇದಕ್ಕೆ ಪೆಟ್ರೋಲ್ ಹಾಕುವಂತಿಲ್ಲ. ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ, ಮೂರೂ ಬೆರೆಸಿದ ಇಂಧನ ಬೇಕು. ಡಬ್ಬಿಯ ಮೇಲೆ 20 ಅಂತಿದ್ದರೆ ನೈಟ್ರೋಮೀಥೇನ್ ಶೇಕಡಾ 20 ಇದೆ ಅಂತ. ಮೆಥನಾಲ್ ವಿಷ, ಮೈಗೂ ಒಳ್ಳೆಯದಲ್ಲ, ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ. ಅದಕ್ಕೇ ಕೈಗವಸು, ಅದಕ್ಕೇ ಬಯಲು.

ಈಗ ಹಗ್ಗದ ಕಥೆಗೆ ಬರೋಣ. ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಗ್ಲೋ ಪ್ಲಗ್ ಇದೆ. ಒಳಗೆ ಪ್ಲಾಟಿನಂ ಇರುವ ಸಣ್ಣ ಸುರುಳಿ. ಶುರುವಿಗೆ ಇಗ್ನೈಟರ್, ಅಂದರೆ ಪ್ಲಗ್‌ಗೆ ಕರೆಂಟ್ ಕೊಡುವ ಬ್ಯಾಟರಿ ಕಡ್ಡಿ, ಸಿಕ್ಕಿಸಿದರೆ ಅದು ಕೆಂಪಗೆ ಕಾಯುತ್ತದೆ, ಎಂಜಿನ್ ಹತ್ತಿಕೊಂಡಮೇಲೆ ಇಗ್ನೈಟರ್ ತೆಗೆದರೂ ಮೆಥನಾಲ್ ಆವಿ ತಾಗಿ ತಾಗಿ ಅದು ಕಾದೇ ಇರುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ? ಆದರೆ ನನ್ನ ಇಗ್ನೈಟರ್‌ಗೆ ಚಾರ್ಜೇ ಇರಲಿಲ್ಲ. ನಾನು ಸುಮ್ನೆ ಹಗ್ಗ ಎಳೆದದ್ದೇ ಎಳೆದದ್ದು, ಎಂಜಿನ್ ತುಂಬ ಇಂಧನ, ಕೊನೆಗೆ ಹಗ್ಗ ಅಲ್ಲಾಡಲೇ ಇಲ್ಲ. ಹಾಗಾದಾಗ ಬಲ ಹಾಕಬೇಡಿ, ಒಳಗೆ ಏನಾದರೂ ಬಾಗುತ್ತದೆ. ಪ್ಲಗ್ ಬಿಚ್ಚಿ, ತೂತಿನ ಮೇಲೆ ಬಟ್ಟೆ ಹಿಡಿದು, ಟ್ರಕ್ ಬೋರಲು ಹಾಕಿ ನಿಧಾನ ಎಳೆಯಿರಿ. ಬಟ್ಟೆ ಯಾಕೆ ಅಂದರೆ ಇಂಧನ ನೇರ ಕಣ್ಣಿಗೇ ಚಿಮ್ಮುತ್ತದೆ. ಇನ್ನೊಂದು, ಹಗ್ಗ ಪೂರ್ತಿ ಎಳೆಯಬೇಡಿ, ಚಿಕ್ಕ ಚಿಕ್ಕ ಎಳೆತ ಸಾಕು.

ಹೊಸ ಎಂಜಿನ್ ಬಿಗಿಯಾಗೇ ಇರುತ್ತದೆ. ಪಿಸ್ಟನ್ ಓಡಾಡುವ ಕೊಳವೆಗೆ ಸ್ಲೀವ್ ಅಂತಾರೆ, ಅದರ ಮೇಲ್ಭಾಗ ಒಂಚೂರು ಕಿರಿದು, ಪಿಸ್ಟನ್ ಮೇಲೆ ಹೋದಾಗ ಅಲ್ಲಿ ಕಚ್ಚಿಕೊಳ್ಳುತ್ತದೆ. ಬಿಸಿಯಾದಾಗ ಹಿಗ್ಗಿ ಸರಿಯಾದ ಅಳತೆಗೆ ಬರಲಿ ಅಂತಲೇ ಹಾಗೆ ಮಾಡಿರುತ್ತಾರೆ. ಇಂಧನ ಹಾಕುವ ಮೊದಲೇ ಹೇರ್ ಡ್ರೈಯರ್‌ನಿಂದ ಎಂಜಿನ್ ಬೆಚ್ಚಗೆ ಮಾಡಿಕೊಂಡರೆ ಕೆಲಸ ಸಲೀಸು. ಇದು ನನಗೆ ಎರಡನೇ ದಿನ ಗೊತ್ತಾಯಿತು, ಭುಜ ನೋಯುತ್ತಿರುವಾಗ.

ಹತ್ತಿಕೊಂಡಿತು, ಆದರೂ ಓಡಿಸುವಂತಿಲ್ಲ! ಹೊಸ ಎಂಜಿನ್ ಮೊದಲು ಪಳಗಬೇಕು. ಈಗ ಕಾಣುತ್ತಿರುವುದು ಮೊದಲ ಟ್ಯಾಂಕ್. ಟ್ರಕ್ಕನ್ನು ಡಬ್ಬದ ಮೇಲೆ ಕೂರಿಸಿದ್ದೇನೆ, ಚಕ್ರ ನೆಲಕ್ಕೆ ತಾಗುತ್ತಿಲ್ಲ, ಐಡಲ್‌ನಲ್ಲೇ, ಅಂದರೆ ಥ್ರಾಟಲ್ ಕೊಡದೆ, ಟ್ಯಾಂಕ್ ಖಾಲಿಯಾಗಬೇಕು. ಆಮೇಲೆ ಪಿಸ್ಟನ್ ಕೆಳಗಿಳಿಸಿ ಪೂರ್ತಿ ತಣಿಯಲು ಬಿಟ್ಟು, ಎರಡನೇ ಟ್ಯಾಂಕ್, ಮೂರನೆಯದು, ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಜಾಸ್ತಿ ಥ್ರಾಟಲ್. ಬೇಜಾರು, ಒಪ್ಪುತ್ತೇನೆ. ಆದರೆ ಇಲ್ಲಿ ಅವಸರ ಮಾಡಿದರೆ ಎಂಜಿನ್ ಆಯಸ್ಸೇ ಕಡಿಮೆಯಾಗುತ್ತದೆ.

ಕಾರ್ಬುರೇಟರ್ ಮೇಲಿನ ನೀಡಲ್‌ಗೆ, ಅಂದರೆ ಇಂಧನ ಹೆಚ್ಚು ಕಮ್ಮಿ ಮಾಡುವ ತಿರುಪಿಗೆ, ಕೈ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಎಡಕ್ಕೆ ತಿರುಗಿಸಿದರೆ ಇಂಧನ ಜಾಸ್ತಿ, ಅಂದರೆ ರಿಚ್. ಬಲಕ್ಕೆ ತಿರುಗಿಸಿದರೆ ಇಂಧನ ಕಮ್ಮಿ, ಅಂದರೆ ಲೀನ್. ಲೀನ್ ಆದಷ್ಟೂ ಸದ್ದು ಚುರುಕಾಗುತ್ತದೆ, ಓಟವೂ ಜೋರು, ಅಷ್ಟರಲ್ಲೇ ಎಂಜಿನ್ ಸುಟ್ಟಿರುತ್ತದೆ. ಎಣ್ಣೆ ಇಂಧನದ ಜೊತೆಗೇ ತಾನೆ ಬರುವುದು, ಇಂಧನ ಕಮ್ಮಿಯಾದರೆ ಎಣ್ಣೆಯೂ ಕಮ್ಮಿ. ಹಾಗಾಗಿ ಹಿಂದೆ ನೀಲಿ ಹೊಗೆ ಕಾಣುತ್ತಲೇ ಇರಬೇಕು. ಒಮ್ಮೆಗೆ ಸುತ್ತಿನ ಎಂಟನೇ ಒಂದು ಭಾಗ ತಿರುಗಿಸಿ, ಓಡಿಸಿ ನೋಡಿ. ಥರ್ಮಾಮೀಟರ್ ಇಲ್ಲದಿದ್ದರೆ ಎಂಜಿನ್ ತಲೆಯ ಮೇಲೆ ಒಂದು ಹನಿ ನೀರು ಬಿಡಿ. ಮೂರು ನಾಲ್ಕು ಸೆಕೆಂಡ್ ಕುದಿದು ಆರಿದರೆ ಸರಿ, ಬಿದ್ದ ತಕ್ಷಣ ಚುಂಯ್ ಅಂತ ಮಾಯವಾದರೆ ನಿಲ್ಲಿಸಿ.

ಹಾಂ, ರಿಮೋಟ್ ಮೊದಲು ಆನ್, ಟ್ರಕ್ ಆಮೇಲೆ. ಆಫ್ ಮಾಡುವಾಗ ತಿರುಗಾಮುರುಗಾ. ಸಿಗ್ನಲ್ ತಪ್ಪಿದರೆ ಬ್ರೇಕ್ ಹಾಕುವ ಫೇಲ್‌ಸೇಫ್ ಇದೆಯಾ, ಅದನ್ನೂ ನೋಡಿಕೊಳ್ಳಿ.

ಇದು ಸಂಜೆಯ ಕೆಲಸ. ಮೆಥನಾಲ್ ತೇವ ಎಳೆದುಕೊಳ್ಳುತ್ತದೆ, ಒಳಗೆ ಉಳಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಟ್ಯಾಂಕ್ ಖಾಲಿ ಮಾಡಿದೆ, ಉಳಿದದ್ದು ಸುಟ್ಟುಹೋಗುವ ತನಕ ಎಂಜಿನ್ ಓಡಿಸಿದೆ, ಪ್ಲಗ್ ಬಿಚ್ಚಿ ತುಕ್ಕು ತಡೆಯುವ ಆಫ್ಟರ್ ರನ್ ಎಣ್ಣೆ ಕೆಲವು ಹನಿ ಬಿಟ್ಟೆ. ಅದು ಎಲ್ಲ ಕಡೆ ಹರಡಬೇಕಲ್ಲ, ಅದಕ್ಕೆ ಮತ್ತೆ ಹಗ್ಗ ಎಳೆದೆ. ಈ ಸಲ ಸ್ಟಾರ್ಟ್ ಆಗುವುದು ಬೇಕಿರಲಿಲ್ಲ, ನೋಡಿ, ಎಷ್ಟು ಹಗುರವಾಗಿ ಬರುತ್ತಿದೆ.