ಚರ್ಚ್ ಕಾಲೇಜಿನ ನಾಟಕದ ಮೇಷ್ಟ್ರು: ಏಣಿ, ಬಣ್ಣ ಮತ್ತು ಹಳೇ ಜಗಳ

[ಪರದೆ: ಖಾಲಿ ರಂಗ. ಏಣಿ ಮೇಲೆ ನಿಂತು ಒಬ್ಬರು ಲೈಟ್ ತಿರುಗಿಸುತ್ತಿದ್ದಾರೆ]

ನಮಸ್ಕಾರ. ಏಣಿ ಮೇಲಿರುವ ಇವರು ಎಲೆಕ್ಟ್ರಿಷಿಯನ್ ಅಲ್ಲ, ಪ್ರೊಫೆಸರ್. ಅಮೆರಿಕದ ಸಣ್ಣ ಕ್ರೈಸ್ತ ಕಾಲೇಜೊಂದರಲ್ಲಿ ನಾಟಕ ಕಲಿಸುತ್ತಾರೆ. ಇಂಥವರು ದಿನಾ ಏನು ಮಾಡುತ್ತಾರೆ, ಅವರ ತಲೆನೋವು ಏನು, ಸಾವಿರ ವರ್ಷ ಹಳೆಯ ನಾಟಕಗಳ ಮೇಲೆ ಅವರಲ್ಲಿ ಕೆಲವರಿಗೆ ಯಾಕಷ್ಟು ಪ್ರೀತಿ? ಇವತ್ತಿನ ವಿಡಿಯೋ ಇದರ ಬಗ್ಗೆ.

ಅಮೆರಿಕದಲ್ಲಿ ಚರ್ಚ್ ಕಟ್ಟಿದ ಸಣ್ಣ ಕಾಲೇಜುಗಳು ಬೇಕಾದಷ್ಟಿವೆ. ಕೆಲವು ಕಡೆ ಇಡೀ ಕಾಲೇಜಿಗೆ ಸಾವಿರ ವಿದ್ಯಾರ್ಥಿಗಳು ಸಿಕ್ಕರೆ ಅದೇ ಜಾಸ್ತಿ. ಅಂಥ ಕಡೆ ನಾಟಕ ವಿಭಾಗ ಅಂದರೆ ಒಬ್ಬರೋ ಇಬ್ಬರೋ ಮೇಷ್ಟ್ರು, ಅಷ್ಟೇ.

ಈ ಕೆಲಸಕ್ಕೆ ಬರುವವರು ಹೆಚ್ಚಾಗಿ ಎಂಎಫ್‌ಎ, ಅಂದರೆ ಕಲೆಯಲ್ಲಿ ಸ್ನಾತಕೋತ್ತರ ಪದವಿ, ಮಾಡಿರುತ್ತಾರೆ. ಸಾಮಾನ್ಯವಾಗಿ ಮೂರು ವರ್ಷದ ಓದು. ಅಭಿನಯ, ನಿರ್ದೇಶನ, ರಂಗಸಜ್ಜಿಕೆ, ಇವುಗಳಲ್ಲಿ ಒಂದನ್ನು ಹಿಡಿದು ಆಳವಾಗಿ ಕಲಿಯುವುದು. ದೊಡ್ಡ ವಿಶ್ವವಿದ್ಯಾಲಯವಾದರೆ ಕಲಿತದ್ದನ್ನೇ ಕಲಿಸಿಕೊಂಡು ಹಾಯಾಗಿರಬಹುದು. ಸಣ್ಣ ಕಾಲೇಜಿನಲ್ಲಿ ಆ ಸುಖ ಇಲ್ಲ. ಬೆಳಿಗ್ಗೆ ಅಭಿನಯದ ಕ್ಲಾಸ್, ಆಮೇಲೆ ರಂಗಭೂಮಿಯ ಇತಿಹಾಸ, ಮಧ್ಯಾಹ್ನ ಮರಗೆಲಸ, ಸಂಜೆ ತಾಲೀಮು. ನಡುವೆ ಟಿಕೆಟ್ ಲೆಕ್ಕ ಬೇರೆ.

[ಪರದೆ: ಮರದ ಚೌಕಟ್ಟು, ಬಿಳಿ ಬಟ್ಟೆ, ಬ್ರಷ್]

ಮರಗೆಲಸ ಅಂದೆ. ಒಂದು ಉದಾಹರಣೆ ನೋಡಿ. ರಂಗದ ಮೇಲಿನ ಗೋಡೆ ನಿಜವಾದ ಗೋಡೆ ಅಲ್ವಲ್ಲ. ತೆಳ್ಳನೆಯ ಮರದ ಪಟ್ಟಿಗಳ ಚೌಕಟ್ಟು, ಅದರ ಮೇಲೆ ಮಸ್ಲಿನ್ ಬಟ್ಟೆ. ಹೊಸಬರು ಬಟ್ಟೆಯನ್ನು ಜಗ್ಗಿ ಜಗ್ಗಿ ಮೊಳೆ ಹೊಡೆಯಲು ಹೋಗುತ್ತಾರೆ. ಮೇಷ್ಟ್ರು ತಡೆಯುತ್ತಾರೆ. ಬಟ್ಟೆ ಸ್ವಲ್ಪ ಸಡಿಲವಾಗಿಯೇ ಇರಬೇಕು. ಮೇಲೆ ನೀರು ಬೆರೆಸಿದ ಅಂಟೋ ಬಣ್ಣವೋ ಬಳಿದಾಗ ಅದು ಕುಗ್ಗಿ ತಾನಾಗಿಯೇ ಬಿಗಿಯಾಗುತ್ತದೆ. ಮೊದಲೇ ಎಳೆದು ಹೊಡೆದಿದ್ದರೆ ಕುಗ್ಗುವಾಗ ಚೌಕಟ್ಟೇ ಸೊಟ್ಟಗಾಗಬಹುದು. ಈ ಪಾಠ ಬ್ರಷ್ ಕೈಗೆ ಬಂದಾಗಲೇ ತಲೆಗೆ ಹತ್ತುವುದು.

ಕೊನೆಯ ಪ್ರದರ್ಶನ ಮುಗಿದ ರಾತ್ರಿ ಇದೇ ಸೆಟ್ಟನ್ನು ಬಿಚ್ಚುತ್ತಾರೆ. ರಾಜನ ಪಾತ್ರ ಮಾಡಿದವನೂ ಸ್ಕ್ರೂ ಆರಿಸಬೇಕು. ಮುಂದಿನ ನಾಟಕಕ್ಕೂ ಅದೇ ಮರ, ಅದೇ ಸ್ಕ್ರೂ.

ಇಷ್ಟಾದರೆ ಯಾವ ಬಡ ನಾಟಕ ವಿಭಾಗದ ಕಥೆಯೂ ಇದೇ. ಕ್ರೈಸ್ತ ಕಾಲೇಜಿನಲ್ಲಿ ಇನ್ನೊಂದು ಸೇರಿಕೊಳ್ಳುತ್ತದೆ. ಹಲವು ಕಡೆ ಮೇಷ್ಟ್ರುಗಳು ನಂಬಿಕೆಯ ಹೇಳಿಕೆಗೆ, ಅಂದರೆ ಕಾಲೇಜಿನ ಕ್ರೈಸ್ತ ನಂಬಿಕೆಗಳನ್ನು ಒಪ್ಪುತ್ತೇನೆ ಅನ್ನುವ ಪತ್ರಕ್ಕೆ, ಸಹಿ ಹಾಕಬೇಕು. ಇಲಿನಾಯ್‌ನ ವೀಟನ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕುಣಿಯುವುದಕ್ಕೇ ನಿಷೇಧ ಇತ್ತು. ಅದನ್ನು ಸಡಿಲಿಸಿದ್ದು 2003ರಲ್ಲಿ! ಇಂಥ ವಾತಾವರಣದಲ್ಲಿ ನಾಟಕ ಆಡಿಸುವುದು ಹುಡುಗಾಟ ಅಲ್ಲ.

[ಪರದೆ: ಹಳೆಯ ಕಾಗದಗಳು. 1642, 1750, 1774 ಒಂದೊಂದಾಗಿ ಮೂಡುತ್ತವೆ]

ಯಾಕೆಂದರೆ ಚರ್ಚಿಗೂ ನಾಟಕಕ್ಕೂ ಜಗಳ ಬಹಳ ಹಳೆಯದು. ಕ್ರಿ.ಶ. 200ರ ಸುಮಾರಿಗೆ ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ಟರ್ಟುಲಿಯನ್, ಕ್ರೈಸ್ತರು ನಾಟಕ ನೋಡಲೇಬಾರದು ಅಂತ ವಾದಿಸಿದ. 1642ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ನಾಟಕಮಂದಿರಗಳಿಗೆ ಬೀಗ ಜಡಿಯಿತು. 1750ರಲ್ಲಿ ಮ್ಯಾಸಚೂಸೆಟ್ಸ್ ನಾಟಕವನ್ನೇ ಕಾನೂನಿನಿಂದ ತಡೆಯಿತು. 1774ರಲ್ಲಿ ಬ್ರಿಟಿಷರ ವಿರುದ್ಧ ಒಂದಾದ ಅಮೆರಿಕದ ವಸಾಹತುಗಳ ಕಾಂಗ್ರೆಸ್, ದುಂದುವೆಚ್ಚದ ಪಟ್ಟಿ ಮಾಡುವಾಗ ಕುದುರೆ ಜೂಜು, ಕೋಳಿ ಅಂಕದ ಜೊತೆ ನಾಟಕವನ್ನೂ ಸೇರಿಸಿತು. ನಮ್ಮ ಮೇಷ್ಟ್ರು ಕೆಲಸ ಮಾಡುವುದು ಈ ನೆನಪು ಪೂರ್ತಿ ಅಳಿಸಿಹೋಗದ ಜಾಗದಲ್ಲಿ.

ಅದಕ್ಕೇ ಅವರ ಅತಿ ಕಷ್ಟದ ಕೆಲಸ ಅಂದರೆ ನಾಟಕದ ಆಯ್ಕೆ. ಕೈಯಲ್ಲೊಂದು ಒಳ್ಳೆಯ ನಾಟಕ ಇದೆ ಅಂದುಕೊಳ್ಳಿ. ಆದರೆ ಅದರಲ್ಲಿ ಬೈಗುಳ ಇದೆ. ಕತ್ತರಿಸಿಬಿಡಿ ಅಂತಾರೆ ಮೇಲಿನವರು. ಆಗಲ್ಲ. ಹಕ್ಕುಸ್ವಾಮ್ಯ ಇರುವ ನಾಟಕವನ್ನು ಲೈಸೆನ್ಸ್ ಪಡೆದೇ ಆಡಬೇಕು. ಅನುಮತಿ ಇಲ್ಲದೆ ಮಾತು ಬದಲಿಸುವಂತಿಲ್ಲ ಅಂತ ಕರಾರಿನಲ್ಲೇ ಬರೆದಿರುತ್ತದೆ. ಬರೆದು ಕೇಳಬಹುದು. ಒಪ್ಪದಿದ್ದರೆ ಇದ್ದ ಹಾಗೇ ಆಡಬೇಕು, ಇಲ್ಲ ಬಿಡಬೇಕು.

ಹಾಗಾಗಿ ಶೇಕ್ಸ್‌ಪಿಯರ್ ಕಡೆ ಓಡುವವರು ಜಾಸ್ತಿ. ಹಕ್ಕುಸ್ವಾಮ್ಯದ ಕಾಟ ಇಲ್ಲ, ಎಷ್ಟು ಬೇಕಾದರೂ ಕತ್ತರಿಸಬಹುದು. ಇನ್ನೊಂದು ಅನುಕೂಲವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ: ಆತನ ಪೋಲಿ ಮಾತುಗಳು ಈಗಿನವರಿಗೆ ಅರ್ಥವೇ ಆಗುವುದಿಲ್ಲ.

ಮುತ್ತಿನ ದೃಶ್ಯ ಬಂದರೆ? ಹಿಂದೆಲ್ಲ ನಿರ್ದೇಶಕರು "ನೀವೇ ಏನಾದರೂ ಮಾಡಿಕೊಳ್ಳಿ" ಅಂತ ಬಿಟ್ಟುಬಿಡುತ್ತಿದ್ದದ್ದೂ ಉಂಟು. ಅದು ತಪ್ಪು ಅನ್ನುವ ಮಾತು ಅಮೆರಿಕದ ರಂಗಭೂಮಿಯಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ಈಚೆಗೆ. ಈಗ ಕತ್ತಿವರಸೆಯ ದೃಶ್ಯದಂತೆ ಇದನ್ನೂ ಲೆಕ್ಕ ಹಾಕಿ ಕೂರಿಸುತ್ತಾರೆ. ಕೈ ಭುಜದ ಮೇಲೆ, ಒಂದು ಎರಡು ಮೂರು ಎಣಿಸುವಷ್ಟು ಹೊತ್ತು, ಆಮೇಲೆ ದೂರ. ಇಬ್ಬರೂ ಒಪ್ಪಿದ್ದು ಬಿಟ್ಟು ಬೇರೇನೂ ಇಲ್ಲ. ಬೇಡ ಅಂದರೆ ಅಪ್ಪುಗೆ, ಅದೂ ಬೇಡ ಅಂದರೆ ಹಣೆಗೆ ಹಣೆ. ಈ ವಿಧಾನ ಬಂದದ್ದು ಚರ್ಚಿನಿಂದ ಅಲ್ಲ. ಆದರೆ ಚರ್ಚ್ ಕಾಲೇಜಿನ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಸಿಗಲಿಕ್ಕಿಲ್ಲ ಅಂತ ನನಗನಿಸುತ್ತದೆ.

ಇನ್ನು ಅವರ ಆಸಕ್ತಿ. ಇಂಥ ಮೇಷ್ಟ್ರುಗಳಲ್ಲಿ ಹಲವರು ಮಧ್ಯಯುಗದ ನಾಟಕಗಳಿಗೆ ಮನಸೋಲುತ್ತಾರೆ. ಸುಮ್ನೆ ಅಲ್ಲ. ನಾಟಕ ಚರ್ಚಿಗೆ ಆಗಿಬರಲ್ಲ ಅನ್ನುವವರಿಗೆ ಕೊಡಲು ಉತ್ತರ ಅಲ್ಲಿದೆ.

[ಪರದೆ: ಕಲ್ಲಿನ ಚರ್ಚಿನ ಒಳಭಾಗ]

ಸುಮಾರು 970ರ ಹೊತ್ತಿಗೆ ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಸನ್ಯಾಸಿಗಳಿಗಾಗಿ ನಿಯಮಗಳ ಪುಸ್ತಕವೊಂದು ತಯಾರಾಯಿತು. ಯೇಸು ಸಮಾಧಿಯಿಂದ ಎದ್ದುಬಂದ ಹಬ್ಬವಾದ ಈಸ್ಟರ್ ದಿನ ಒಬ್ಬ ಸನ್ಯಾಸಿ ದೇವದೂತನಂತೆ ಬಿಳಿ ನಿಲುವಂಗಿ ತೊಟ್ಟು, ಕೈಯಲ್ಲಿ ತಾಳೆಯ ಗರಿ ಹಿಡಿದು ಸಮಾಧಿಯ ಬಳಿ ಕೂರಬೇಕು. ಇನ್ನು ಮೂವರು, ಯೇಸುವಿನ ಸಮಾಧಿಗೆ ಬಂದ ಹೆಂಗಸರಂತೆ, ಏನನ್ನೋ ಹುಡುಕುವವರ ಹಾಗೆ ಹೆಜ್ಜೆ ಹಾಕುತ್ತಾ ಬರಬೇಕು. ಆತ ಕೇಳಬೇಕು: ಯಾರನ್ನು ಹುಡುಕುತ್ತಿದ್ದೀರಿ? ವೇಷ, ಕೈಯ ಪರಿಕರ, ನಡಿಗೆ, ಮಾತು, ಎಲ್ಲ ಇದೆ. ಇದು ಪೂಜೆಯೋ ನಾಟಕವೋ ನೀವೇ ಹೇಳಿ.

ಅದೇ ಶತಮಾನದಲ್ಲಿ ಜರ್ಮನಿಯ ಗಾಂಡರ್ಸ್‌ಹೈಮ್‌ನ ಮಠದಲ್ಲಿ ಹ್ರೋತ್ಸ್‌ವಿತಾ ಎಂಬಾಕೆ ಆರು ನಾಟಕ ಬರೆದಳು. ಒಂದರಲ್ಲಿ ಮೂವರು ಕ್ರೈಸ್ತ ಹುಡುಗಿಯರ ಮೇಲೆ ಕಣ್ಣು ಹಾಕಿದ ಅಧಿಕಾರಿ ಕತ್ತಲಲ್ಲಿ ಅಡುಗೆಮನೆಗೆ ನುಗ್ಗುತ್ತಾನೆ. ಭ್ರಮೆ ಹಿಡಿದು ಮಡಕೆ, ಬಾಣಲೆಗಳನ್ನೇ ಹುಡುಗಿಯರು ಅಂತ ತಬ್ಬಿ ಮುದ್ದಾಡುತ್ತಾನೆ. ಹೊರಗೆ ಬಂದಾಗ ಮೈಯೆಲ್ಲ ಮಸಿ, ಅವನ ಸಿಪಾಯಿಗಳೇ ದೆವ್ವ ಅಂತ ಓಡಿಹೋಗುತ್ತಾರೆ. ಮಠದಾಕೆ ಬರೆದ ಹಾಸ್ಯ ಇದು!

ಆದರೆ ಬಾಣ ನೇರ ನಾಟುವುದು ಇಂಗ್ಲೆಂಡಿನ ಯಾರ್ಕ್ ನಗರದ ನಾಟಕಗಳಲ್ಲಿ. 1376ರಿಂದಲೇ ಇವುಗಳ ಸುಳಿವು ದಾಖಲೆಗಳಲ್ಲಿ ಸಿಗುತ್ತದೆ. ಗಾಡಿಗಳ ಮೇಲೆ, ಬೀದಿ ಬೀದಿಯಲ್ಲಿ, ಜಗತ್ತು ಹುಟ್ಟಿದಲ್ಲಿಂದ ಕೊನೆಯ ತೀರ್ಪಿನವರೆಗೆ ಬೈಬಲಿನ ಕಥೆ. ಒಂದೊಂದು ಕಸುಬಿನವರಿಗೆ ಒಂದೊಂದು ಭಾಗ. ನೋಹನ ಹಡಗು ಕಟ್ಟುವ ದೃಶ್ಯ ಹಡಗು ಕಟ್ಟುವವರಿಗೆ, ಕೊನೆಯ ಭೋಜನ ಬೇಕರಿಯವರಿಗೆ, ಶಿಲುಬೆಗೇರಿಸುವ ದೃಶ್ಯ ಪಿನ್ನು, ಮೊಳೆ ಮಾಡುವವರಿಗೆ.

ಆ ಶಿಲುಬೆಯ ದೃಶ್ಯ ನೋಡಿ. ನಾಲ್ವರು ಸೈನಿಕರು. ಅವರಿಗೆ ಯೇಸು ಯಾರೆಂಬ ಚಿಂತೆಯೇ ಇಲ್ಲ. ಮರದಲ್ಲಿ ಕೊರೆದ ತೂತು ಅಳತೆಗೆ ಸರಿಯಾಗಿಲ್ಲ, ಅದೇ ಅವರ ಗೋಳು. ಹಗ್ಗ ಕಟ್ಟಿ ಕೈಕಾಲು ಜಗ್ಗುತ್ತಾರೆ. ಎತ್ತುವಾಗ ಭಾರ ಅಂತ ಗೊಣಗುತ್ತಾರೆ, ನೀನು ಸರಿಯಾಗಿ ಹಿಡಿಯಲಿಲ್ಲ ಅಂತ ಒಬ್ಬರಿಗೊಬ್ಬರು ರೇಗುತ್ತಾರೆ. ನೋಡುವವರಿಗೆ ಮೊದಲು ನಗು ಬರುತ್ತದೆ. ಆಮೇಲೆ ತಾವು ನಕ್ಕಿದ್ದು ಯಾವುದಕ್ಕೆ ಅಂತ ಹೊಳೆಯುತ್ತದೆ.

ಕೆಟ್ಟದ್ದನ್ನು ರಂಗದ ಮೇಲೆ ತೋರಿಸಬಾರದು ಅನ್ನುವವರ ಮುಂದೆ ಮೇಷ್ಟ್ರು ಇಡುವುದು ಇದನ್ನೇ. ಊರಿಗೆ ಊರೇ ಭಕ್ತರಾಗಿದ್ದ ಕಾಲದಲ್ಲಿ, ಹಬ್ಬದ ದಿನ, ಬೀದಿಯಲ್ಲಿ ಆಡಿದ ನಾಟಕ. ಅದರಲ್ಲೇ ಇಷ್ಟು ಒರಟುತನ ಇದೆ. ಅದನ್ನು ಅಳಿಸಿದರೆ ದೃಶ್ಯವೇ ಸತ್ತುಹೋಗುತ್ತದೆ.

ಈ ವಾದಕ್ಕೆ ಎಲ್ಲ ಕಡೆ ಗೆಲುವು ಸಿಗುತ್ತದೆ ಅಂತೇನಿಲ್ಲ. ಎಷ್ಟೋ ಸಲ ರಾಜಿ ಆಗುತ್ತದೆ: ನಾಟಕ ಆಡಿ, ಆದರೆ ಪೋಸ್ಟರ್ ಮೇಲೆ ಎಚ್ಚರಿಕೆ ಹಾಕಿ, ಮುಗಿದ ಮೇಲೆ ಪ್ರೇಕ್ಷಕರ ಜೊತೆ ಕೂತು ಮಾತಾಡಿ. ಆ ಮಾತುಕತೆಗೆ ಕುರ್ಚಿ ಜೋಡಿಸುವವರೂ ಮೇಷ್ಟ್ರೇ.

[ಪರದೆ: ಪ್ರಶ್ನೆ ಮೂಡುತ್ತದೆ]

ಈಗ ನಿಮಗೊಂದು ಪ್ರಶ್ನೆ. ನೀವೇ ಆ ಮೇಷ್ಟ್ರು. ನಾಟಕದಲ್ಲಿ ಒಂದೇ ಒಂದು ಬೈಗುಳ, ಬರೆದವರು ಬದಲಿಸಲು ಒಪ್ಪುತ್ತಿಲ್ಲ, ಡೀನ್ ಬೇಡ ಅಂತಿದ್ದಾರೆ, ತಾಲೀಮು ಎರಡು ವಾರ ಆಗಿಹೋಗಿದೆ. ಏನು ಮಾಡುತ್ತೀರಿ? ಕಾಮೆಂಟ್‌ನಲ್ಲಿ ಬರೆಯಿರಿ.