ಶಿರಸಿ ಪೇಟೆಯ ರಾತ್ರಿ ನೋಡಬೇಕಾ? ಮೊದಲು ವರ್ಷ ನೋಡಿ!

[ದೃಶ್ಯ: ರಾತ್ರಿ, ದೇವಿಕೆರೆಯ ಸುತ್ತಮುತ್ತ]

ಶಿರಸಿಯಲ್ಲಿ ನೈಟ್‌ಲೈಫ್ ಇದೆಯಾ? ಇದೆ. ಆದರೆ ಅದಕ್ಕೆ ಶನಿವಾರ, ಭಾನುವಾರದ ಲೆಕ್ಕ ಇಲ್ಲ. ಒಂದು ವರ್ಷ ಮಾರಿಕಾಂಬಾ ಜಾತ್ರೆ, ಮರುವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷ ಅನ್ನೋ ಬೀದಿ ಕುಣಿತ. ಉಳಿದಂತೆ ಇದು ಅಡಿಕೆ ವ್ಯಾಪಾರದ ಊರು, ಬೇಗ ಮಲಗುತ್ತದೆ.

[ದೃಶ್ಯ: ಹಗಲು, ಮಾರಿಕಾಂಬಾ ದೇವಸ್ಥಾನ]

1688ರಲ್ಲಿ ಕಟ್ಟಿದ ಗುಡಿ. ಒಳಗೆ ಎಂಟು ಕೈಯ ಅಮ್ಮ, ಸುಮಾರು ಏಳಡಿ ಎತ್ತರದ ಮರದ ಮೂರ್ತಿ. ದರ್ಶನ ಆದ ಮೇಲೆ ಗೋಡೆಗಳನ್ನೂ ನೋಡಿ. ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣಿನ ಕಾವಿ ಚಿತ್ರಗಳಿವೆ. ಜಾಸ್ತಿ ಜನ ಅತ್ತ ತಿರುಗಿಯೂ ನೋಡುವುದಿಲ್ಲ!

ಜಾತ್ರೆ ವರ್ಷ ಮಂಗಳವಾರ ರಾತ್ರಿ ಅಮ್ಮನ ಕಲ್ಯಾಣ, ಬುಧವಾರ ರಥ. ಆಮೇಲೆ ಒಂದು ವಾರ ಊರೊಳಗಿನ ಬಯಲು ಬಿಡ್ಕಿಬೈಲಿನ ಗದ್ದುಗೆಯಲ್ಲೇ ಅಮ್ಮ. ಸುತ್ತ ತಿರುಗುವ ತೊಟ್ಟಿಲು, ನಾಟಕ, ಬೆಂಡು ಬತ್ತಾಸು. ಮನೆಮನೆಗೂ ನೆಂಟರು.

[ದೃಶ್ಯ: ಹೋಳಿ ಹತ್ತಿರದ ರಾತ್ರಿ, ಹಲಗೆ ವಾದ್ಯದ ಸದ್ದು]

ನನ್ನನ್ನು ಕೇಳಿದರೆ, ಜಾತ್ರೆ ಇಲ್ಲದ ವರ್ಷವೇ ಬನ್ನಿ. ಬೇಡರ ವೇಷಕ್ಕೆ ಟಿಕೆಟ್ ಇಲ್ಲ, ವೇದಿಕೆ ಇಲ್ಲ, ಬೀದಿಯೇ ರಂಗ. ಮುಖಕ್ಕೆ ಕೆಂಪು ಬಣ್ಣ, ದಪ್ಪ ಮೀಸೆ, ಬೆನ್ನಿಗೆ ನವಿಲುಗರಿಯ ದೊಡ್ಡ ಕಟ್ಟು, ಕೈಯಲ್ಲಿ ಕತ್ತಿ, ಗುರಾಣಿ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಎಳೆದು ಹಿಡಿದಿರುತ್ತಾರೆ. ಹಲಗೆಯ ಬಡಿತ ಏರಿದಂತೆ ಬೇಡನ ವೇಷಧಾರಿ ಜನರ ಮೇಲೇ ನುಗ್ಗುತ್ತಾನೆ. ಮುಂದಿದ್ದವರು ಕಿರುಚಿ ಹಿಂದೆ ಸರಿಯುತ್ತಾರೆ, ಮತ್ತೆ ಮುಂದೆ ಬರುತ್ತಾರೆ. ಹೆದರೋದೇ ಮಜಾ ಅಲ್ವಾ?

ಹಗ್ಗ ಯಾಕೆ? ಊರಲ್ಲಿ ಹೇಳುವ ಕಥೆ ಹೀಗಿದೆ. ಸೋಂದೆ ಅರಸರ ಕಾಲದಲ್ಲಿ ಊರು ಕಾಯಲು ಮಲ್ಲೇಶಿ ಎಂಬ ಬೇಡನನ್ನು ಇಟ್ಟಿದ್ದರು. ಕಾಯಬೇಕಾದವನೇ ಹೆಣ್ಣುಮಕ್ಕಳಿಗೆ ಕಾಟ ಕೊಡತೊಡಗಿದ. ರುದ್ರಾಂಬಿಕೆ ಎಂಬ ಹುಡುಗಿ ಬೇಕೆಂದೇ ಅವನನ್ನು ಮದುವೆಯಾದಳು. ಹೋಳಿಯಲ್ಲಿ ಅವನು ಮೈಮರೆತು ಕುಣಿಯುವಾಗ ಕಣ್ಣು ಕಾಣದಂತೆ ಮಾಡಿದಳು. ಅವನು ಅವಳ ಮೇಲೆ ಎರಗಲು ಹೋದ. ಜನ ಸೇರಿ ಹಿಡಿದು ಸುಟ್ಟರು. ಈ ಹಗ್ಗ ಆ ಹಿಡಿತದ್ದು. ವೇಷಕ್ಕೆ ಬೇಡನ ಹೆಸರಿದ್ದರೂ ಕಥೆ ರುದ್ರಾಂಬಿಕೆಯದೇ ಅನ್ನೋದು ನನ್ನ ಅಭಿಪ್ರಾಯ.

[ದೃಶ್ಯ: ಬಸ್ ನಿಲ್ದಾಣ]

2024ರಲ್ಲಿ ಜಾತ್ರೆ ಆಯಿತು, 2025ರಲ್ಲಿ ವೇಷ. ಮುಂದಿನದನ್ನು ನೀವೇ ಎಣಿಸಿಕೊಳ್ಳಿ. ಜಾತ್ರೆಗೆ ಬರುವವರು ರೂಮ್ ಮೊದಲೇ ಹೇಳಿಡಿ, ಇಲ್ಲವೇ ನೆಂಟರನ್ನು ಹುಡುಕಿ. ಗದ್ದಲ ಮುಗಿಯಲಿ, ಆಮೇಲೆ ಆರಾಮಾಗಿ ದರ್ಶನ ಮಾಡೋಣ ಅಂದುಕೊಂಡರೆ ಮಾತ್ರ ಕಷ್ಟ. ಜಾತ್ರೆ ಆದ ಮೇಲೆ ಅಮ್ಮ ಮತ್ತೆ ಗುಡಿಯಲ್ಲಿ ಕೂರುವುದು ಯುಗಾದಿಗೇ.